ಎಲ್‌ಪಿ60ಎಕ್ಸ್ ಟರ್ನ್‌ಟೇಬಲ್: ಒಂದು ಬದಿಯನ್ನು ಪೂರ್ತಿ ಕೇಳಿಸುವ ಯಂತ್ರ

ಮನೆಯಲ್ಲಿ ಮೊದಲ ಬಾರಿಗೆ ಎಲ್‌ಪಿ (ಲಾಂಗ್ ಪ್ಲೇ) ರೆಕಾರ್ಡುಗಳನ್ನು ಕೇಳಲು ಹೊರಟವರು ಯಾವ ಟರ್ನ್‌ಟೇಬಲ್ ಕೊಳ್ಳಬೇಕೆಂದು ವಿಚಾರಿಸಿದಾಗ ನಾನು ಸೂಚಿಸುವುದು ಜಪಾನಿನ ಆಡಿಯೋ-ಟೆಕ್ನಿಕಾ ಕಂಪನಿಯ ಎಟಿ-ಎಲ್‌ಪಿ60ಎಕ್ಸ್ ಮಾದರಿಯನ್ನು. ಹಳೆಯ ಎಲ್‌ಪಿ60ರ ಸುಧಾರಿತ ರೂಪವಾಗಿ 2019ರಲ್ಲಿ ಮಾರುಕಟ್ಟೆಗೆ ಬಂದ ಇದು ಹೊಸಬರಿಗೆಂದೇ ರೂಪಿಸಿದ ಯಂತ್ರ. ಧ್ವನಿಯ ಗುಣಮಟ್ಟದಲ್ಲಿ ಇದನ್ನು ಮೀರಿಸುವವು ಬೇಕಾದಷ್ಟಿವೆ. ಆದರೂ ಈವರೆಗೆ ಕೇಳದ ರಾಗವನ್ನೋ, ಹೆಸರು ಮಾತ್ರ ಗೊತ್ತಿರುವ ಗಾಯಕರನ್ನೋ, ಪರದೇಶದ ಸಂಯೋಜಕನೊಬ್ಬನನ್ನೋ ಮನೆಯಲ್ಲಿ ಕುಳಿತು ಪರಿಚಯ ಮಾಡಿಕೊಳ್ಳಬೇಕೆಂಬ ಹಂಬಲವಿರುವವರಿಗೆ ಇದಕ್ಕಿಂತ ತಕ್ಕ ಯಂತ್ರ ಈ ದರ್ಜೆಯಲ್ಲಿ ನನಗೆ ಕಂಡಿಲ್ಲ. ಕಾರಣವಿರುವುದು ಅದರ ಧ್ವನಿಗಿಂತ ಹೆಚ್ಚಾಗಿ, ಅದು ಕೇಳುಗರನ್ನು ಒಂದು ಬದಿಯ ಕೊನೆಯವರೆಗೂ ಕೂರಿಸುವ ರೀತಿಯಲ್ಲಿ.

ಯಂತ್ರ ಹಗುರವಾಗಿದೆ; ತೂಕ ಎರಡೂವರೆ ಕಿಲೋಗಿಂತ ತುಸು ಹೆಚ್ಚು. ಪೆಟ್ಟಿಗೆಯಲ್ಲಿ ರೆಕಾರ್ಡನ್ನು ಹೊತ್ತು ತಿರುಗುವ ಅಲ್ಯೂಮಿನಿಯಮ್ಮಿನ ಪ್ಲ್ಯಾಟರ್, ಅದರ ಮೇಲೆ ಹಾಸುವ ತೆಳುವಾದ ಫೆಲ್ಟ್ ಬಟ್ಟೆ, ಪಾರದರ್ಶಕ ಮುಚ್ಚಳ, ನಿಮಿಷಕ್ಕೆ 45 ಸುತ್ತು ತಿರುಗುವ ದೊಡ್ಡ ತೂತಿನ ರೆಕಾರ್ಡುಗಳಿಗೆ ಬೇಕಾದ ಅಡಾಪ್ಟರ್, ಸ್ಪೀಕರಿಗೆ ಜೋಡಿಸುವ ಕೇಬಲ್ ಮತ್ತು ಗೋಡೆಗೆ ಸಿಕ್ಕಿಸುವ ವಿದ್ಯುತ್ ಅಡಾಪ್ಟರ್ ಇರುತ್ತವೆ. ಜೋಡಣೆಯಲ್ಲಿ ನಾವು ಗಮನವಿಟ್ಟು ಮಾಡಬೇಕಾದ ಕೆಲಸ ಒಂದೇ: ಪ್ಲ್ಯಾಟರನ್ನು ಕೂರಿಸಿ, ಅದರ ಮೇಲಿರುವ ಕಿಂಡಿಯೊಳಗೆ ಬೆರಳು ಹಾಕಿ, ರಬ್ಬರ್ ಬೆಲ್ಟನ್ನು ಎಳೆದು ಮೋಟರಿನ ಪುಟ್ಟ ಪುಲಿಗೆ ಸುತ್ತಿಸುವುದು. ಬೆಲ್ಟ್ ಎಲ್ಲಿಯೂ ತಿರುಚಿಕೊಳ್ಳಬಾರದು. ತಿರುಚಿಕೊಂಡರೆ ಶ್ರುತಿ ಅಲುಗಾಡುತ್ತದೆ, ಮತ್ತು ತಂಬೂರದ ಮೇಲೆ ನಿಂತ ನಮ್ಮ ಸಂಗೀತದಲ್ಲಿ ಆ ಅಲುಗಾಟ ಮೊದಲು ಕಿವಿಗೆ ಬೀಳುವ ದೋಷ. ಜಾಡಿನಲ್ಲಿ ಸಾಗುವ ಮುಳ್ಳಿನ ಭಾರವನ್ನು ಹೊಂದಿಸುವ, ಆ ಮುಳ್ಳಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಕಾರ್ಟ್ರಿಜ್ಜಿನ ಕೋನವನ್ನು ಅಳೆಯುವ ಗೋಜಿಲ್ಲ. ಅವೆಲ್ಲ ಕಾರ್ಖಾನೆಯಲ್ಲೇ ನಿಗದಿಯಾಗಿ ಬಂದಿರುತ್ತವೆ.

ಮುಂಭಾಗದಲ್ಲಿರುವ ಗುಂಡಿಗಳು ಕೆಲವೇ. ರೆಕಾರ್ಡಿನ ಅಳತೆ 7 ಇಂಚೋ 12 ಇಂಚೋ, ವೇಗ 33⅓ ಸುತ್ತೋ 45 ಸುತ್ತೋ ಎಂದು ಆರಿಸಿ ಸ್ಟಾರ್ಟ್ ಗುಂಡಿಯನ್ನು ಒತ್ತಿದರೆ ಉಳಿದದ್ದನ್ನೆಲ್ಲ ಯಂತ್ರ ತಾನೇ ನೋಡಿಕೊಳ್ಳುತ್ತದೆ. ಒಳಗಿನ ಹಲ್ಲುಚಕ್ರಗಳು ಕಟಕಟ ಎನ್ನುತ್ತವೆ, ಮುಳ್ಳನ್ನು ಹೊತ್ತ ತೋಳು ತನ್ನ ಆಸರೆಯಿಂದ ಮೇಲೇಳುತ್ತದೆ, ಅಂಚಿನ ತನಕ ನಿಧಾನವಾಗಿ ಸಾಗಿ ಅರೆಕ್ಷಣ ನಿಂತು ಕೆಳಗಿಳಿಯುತ್ತದೆ. ಮೊದಲು ಸ್ಪೀಕರಿನಿಂದ ಮೃದುವಾದ ಒಂದು ಸದ್ದು, ಆಮೇಲೆ ಖಾಲಿ ಜಾಡಿನ ಸಣ್ಣ ಸುಯ್ಲು, ಆ ಸುಯ್ಲಿನೊಳಗಿಂದಲೇ ತಂಬೂರ ಮೇಲೆದ್ದು ಬರುತ್ತದೆ. ಬದಿ ಮುಗಿದಾಗ ತೋಳು ತಾನಾಗಿಯೇ ಎದ್ದು ಹಿಂದಿರುಗುತ್ತದೆ, ಪ್ಲ್ಯಾಟರ್ ನಿಲ್ಲುತ್ತದೆ. ಅನುಭವಸ್ಥ ಸಂಗ್ರಾಹಕರು ಈ ಸ್ವಯಂಚಾಲನೆಯನ್ನು ಅಷ್ಟಾಗಿ ಮೆಚ್ಚುವುದಿಲ್ಲ. ತೋಳಿನ ದಾರಿಯಲ್ಲಿ ಯಂತ್ರಾಂಶ ಹೆಚ್ಚಾದಷ್ಟೂ ಧ್ವನಿಗೆ ಕೇಡು ಎಂಬ ಅವರ ವಾದದಲ್ಲಿ ಹುರುಳಿದೆ. ಆದರೆ ಹೊಸಬರ ದೃಷ್ಟಿಯಿಂದ ನೋಡಿದರೆ ಈ ಯಂತ್ರದ ಅತಿ ದೊಡ್ಡ ಗುಣ ಇದೇ. ಕೈ ನಡುಗಿ ಮುಳ್ಳು ಜಾರೀತೆಂಬ ಭಯವಿಲ್ಲ. ಹಿಂದುಸ್ತಾನಿ ಗಾಯನದ ನಿಧಾನಗತಿಯ ವಿಲಂಬಿತ್ ಖಯಾಲಿನಲ್ಲಿ ಮುಳುಗಿ ಕಣ್ಣು ಮುಚ್ಚಿ ಕುಳಿತವರು, ಬದಿ ಮುಗಿದು ಮುಳ್ಳು ಕೊನೆಯ ಸುತ್ತಿನಲ್ಲಿ ಸವೆಯುತ್ತಿದೆಯೆಂದು ದಡಬಡಿಸಿ ಏಳಬೇಕಾಗಿಲ್ಲ.

ನಿಲ್ಲಿಸುವುದಕ್ಕೂ ಮುಳ್ಳನ್ನು ಎತ್ತುವುದಕ್ಕೂ ಗುಂಡಿಗಳಿವೆ, ನಿಜ. ಹಾಡಿನಿಂದ ಹಾಡಿಗೆ ಹಾರುವ ಸೌಲಭ್ಯ ಮಾತ್ರ ಇಲ್ಲ. ಅದಕ್ಕೆ ತೋಳನ್ನು ಎತ್ತಿ, ಹಾಡುಗಳ ನಡುವಿನ ಹೊಳೆಯುವ ಪಟ್ಟಿಯನ್ನು ಹುಡುಕಿ, ಕೈಯಿಂದಲೇ ಇಳಿಸಬೇಕು. ಹೀಗಾಗಿ ಸಾಮಾನ್ಯವಾಗಿ ಯಾರೂ ಹಾರುವುದಿಲ್ಲ. ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ಎಲ್‌ಪಿಯನ್ನು ಹೊರತಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೀರಿದ ಅವಧಿ ದೊರೆಯಿತು, ಮತ್ತು ಅಪರಿಚಿತ ಸಂಗೀತಕ್ಕೆ ಬೇಕಾದದ್ದು ನಿಖರವಾಗಿ ಅಷ್ಟು ಹೊತ್ತಿನ ತಾಳ್ಮೆ. ಫೋನಿನಲ್ಲಿ ಹೊಸ ರಾಗವೊಂದು ಎದುರಾದರೆ ಅರ್ಧ ನಿಮಿಷದಲ್ಲಿ ಹಿಡಿಸಿತೋ ಇಲ್ಲವೋ ಎಂದು ತೀರ್ಮಾನಿಸಿ ಬೆರಳು ಮುಂದಕ್ಕೆ ಸರಿದಿರುತ್ತದೆ. ಆಲಾಪ ತನ್ನ ಷಡ್ಜವನ್ನು ಬಿಟ್ಟು ಹೊರಡಲೂ ಅಷ್ಟು ಸಮಯ ಸಾಲದು. ರೆಕಾರ್ಡಿನಲ್ಲಾದರೆ ಎದ್ದು ಹೋಗಿ ನಿಲ್ಲಿಸುವ ಸೋಮಾರಿತನಕ್ಕಾದರೂ ಕುಳಿತಿರುತ್ತೇವೆ, ಹಾಗೆ ಕುಳಿತಿದ್ದಾಗ ಹತ್ತನೆಯ ನಿಮಿಷದ ಸುಮಾರಿಗೆ ರಾಗ ತನ್ನ ಚಲನೆಯನ್ನು ಬಿಟ್ಟುಕೊಡತೊಡಗುತ್ತದೆ.

ಉದಾಹರಣೆಗೆ ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡುಗಳನ್ನೇ ತೆಗೆದುಕೊಳ್ಳಬಹುದು. ಜೈಪುರ-ಅತ್ರೌಲಿ ಘರಾಣೆಯ, ಅಂದರೆ ಗಾಯನ ಪರಂಪರೆಯ, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಕಲಿತ ಮನ್ಸೂರರು ಅಪ್ರಚಲಿತ ರಾಗಗಳಿಗೆ ಹೆಸರಾದವರು. ಖಟ್, ಬಿಹಾರಿ, ಶಿವಮತ ಭೈರವದಂಥ ಹೆಸರುಗಳನ್ನು ಹುಡುಕುಪಟ್ಟಿಯಲ್ಲಿ ಟೈಪ್ ಮಾಡಬೇಕಾದರೆ ಅವು ಇವೆಯೆಂದು ಮೊದಲೇ ತಿಳಿದಿರಬೇಕು. ರೆಕಾರ್ಡಿನಲ್ಲಿ ಹಾಗಲ್ಲ: ಗೊತ್ತಿರುವ ಒಂದು ರಾಗಕ್ಕೆಂದು ಕೊಂಡ ತಟ್ಟೆಯನ್ನು ಮಗುಚಿದರೆ ಗೊತ್ತಿಲ್ಲದ ಮತ್ತೊಂದು ಕಾದಿರುತ್ತದೆ, ಅದಕ್ಕೂ ಹಣ ಕೊಟ್ಟಾಗಿರುತ್ತದೆ. ನನಗೆ ಪ್ರಿಯವಾದ ರಾಗಗಳಲ್ಲಿ ಹಲವು ಹೀಗೆ ಎರಡನೆಯ ಬದಿಯಿಂದ ಬಂದವು. ಕವರಿನ ಹಿಂಭಾಗದ ಟಿಪ್ಪಣಿಯದೂ ದೊಡ್ಡ ಉಪಕಾರ. ಹಳೆಯ ಹಿಂದುಸ್ತಾನಿ ಮತ್ತು ಕರ್ನಾಟಕ ಸಂಗೀತದ ಎಲ್‌ಪಿಗಳ ಹಿಂದೆ ರಾಗದ ಲಕ್ಷಣ, ತಾಳ, ಪಕ್ಕವಾದ್ಯದವರ ಹೆಸರುಗಳನ್ನು ಅಚ್ಚುಕಟ್ಟಾಗಿ ಕೊಟ್ಟಿರುತ್ತಾರೆ. ಇಂದು ಫೋನಿನ ಆ್ಯಪ್‌ಗಳಲ್ಲಿ ತಬಲಾದವರ ಹೆಸರು ಸಿಗುವುದೇ ಅಪರೂಪವಾಗಿರುವಾಗ, ಆ ಟಿಪ್ಪಣಿಯಲ್ಲಿನ ಒಂದು ಹೆಸರನ್ನು ಹಿಡಿದು ಅವರದೇ ಇನ್ನೊಂದು ರೆಕಾರ್ಡನ್ನು ಅರಸಿಕೊಂಡು ಹೋಗುವುದು ಹೊಸ ಸಂಗೀತದತ್ತ ಸಾಗುವ ಅತ್ಯಂತ ನಂಬಿಕೆಯ ದಾರಿ.

ದೂರದ ಸಂಗೀತ ತಟ್ಟೆಯ ಮೂಲಕವೇ ಮನೆಗೆ ಬಂದದ್ದಕ್ಕೆ ನಮ್ಮಲ್ಲೇ ಭವ್ಯವಾದ ಒಂದು ಉದಾಹರಣೆಯಿದೆ. ಮೈಸೂರಿನ ಜಯಚಾಮರಾಜ ಒಡೆಯರ್ ಅವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರೆಕಾರ್ಡುಗಳ ಬಹುದೊಡ್ಡ ಸಂಗ್ರಾಹಕರಾಗಿದ್ದರು. ಲಂಡನ್ನಿನಲ್ಲಿ ನೆಲೆಸಿ ಬಹುಮಟ್ಟಿಗೆ ಜನರ ಮರೆವಿಗೆ ಸಂದಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಸ್ವತಃ ಸಂಯೋಜಕರೇ ಪಿಯಾನೊ ನುಡಿಸಿ ಎಚ್‌ಎಂವಿ ರೆಕಾರ್ಡ್ ಕಂಪನಿಗಾಗಿ ಧ್ವನಿಮುದ್ರಿಸುವಂತೆ 1940ರ ದಶಕದ ಕೊನೆಯಲ್ಲಿ ಧನಸಹಾಯ ಮಾಡಿದವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೋವನ್ನು (ವಾದ್ಯವೃಂದದೊಡನೆ ನುಡಿಸುವ ಕೃತಿ) ಮಹಾರಾಜರಿಗೆ ಅರ್ಪಿಸಿದರು. ಆ ಧ್ವನಿಮುದ್ರಣಗಳು ಇಂದಿಗೂ ಕೇಳಸಿಗುವುದರ ಹಿಂದೆ ಮೈಸೂರಿನ ಒಬ್ಬ ರಸಿಕರ ಕುತೂಹಲವಿದೆ ಎಂಬುದನ್ನು ಪ್ರತಿ ಕನ್ನಡಿಗ ಸಂಗೀತಪ್ರಿಯರೂ ತಿಳಿದಿರಬೇಕೆಂದು ನನ್ನ ಆಸೆ. ಎದುರು ದಿಕ್ಕಿನ ಪಯಣಕ್ಕೂ ತಟ್ಟೆಯೇ ವಾಹನವಾಯಿತು: 1955ರಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನರು ನ್ಯೂಯಾರ್ಕಿನಲ್ಲಿ ಮುದ್ರಿಸಿದ ಎಲ್‌ಪಿಗೆ ಪಿಟೀಲುವಾದಕ ಯೆಹೂದಿ ಮೆನುಹಿನ್ ತಮ್ಮ ದನಿಯಲ್ಲೇ ಪರಿಚಯ ನೀಡಿದರು, ಮತ್ತು ಪಶ್ಚಿಮದ ಎಷ್ಟೋ ಮನೆಗಳಲ್ಲಿ ರಾಗವೊಂದು ದೀರ್ಘವಾಗಿ ಕೇಳಿಬಂದದ್ದು ಅದರಿಂದಲೇ. ಆಡಿಯೋ-ಟೆಕ್ನಿಕಾದ ಹುಟ್ಟು ಕೂಡ ಇಂಥದೇ ಪ್ರೀತಿಯಿಂದ ಆದದ್ದು. ಹಿಡೆಯೊ ಮತ್ಸುಶಿತ ಅವರು ಟೋಕಿಯೊದ ಬ್ರಿಜ್‌ಸ್ಟೋನ್ ಕಲಾ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರಿಗೆ ರೆಕಾರ್ಡುಗಳನ್ನು ಕೇಳಿಸುವ ಕೂಟಗಳನ್ನು ಏರ್ಪಡಿಸುತ್ತಿದ್ದರು. ಒಳ್ಳೆಯ ಧ್ವನಿ ಸಾಮಾನ್ಯರಿಗೂ ಎಟುಕಬೇಕೆಂಬ ಹಟದಿಂದ 1962ರಲ್ಲಿ ಕಂಪನಿಯನ್ನು ಸ್ಥಾಪಿಸಿ, ಮೊದಲು ಕಾರ್ಟ್ರಿಜ್ಜುಗಳನ್ನು ತಯಾರಿಸಿದರು.

ಇನ್ನು ಧ್ವನಿಯ ವಿಚಾರ. ಈ ಯಂತ್ರದ ಮುಳ್ಳಿನ ಹೆಸರು ಎಟಿಎನ್3600ಎಲ್. ತುದಿಯಲ್ಲಿ ಶಂಕುವಿನಾಕಾರದ ವಜ್ರದ ಕಣವಿದೆ. ಮಧ್ಯಮ ಸ್ಥಾಯಿ ತುಂಬಿಕೊಂಡಿದೆ. ಗಂಡು ದನಿ, ಹಾರ್ಮೋನಿಯಮ್, ವೀಣೆ ಮೈತುಂಬಿ ಕೇಳಿಸುತ್ತವೆ. ತಬಲಾ ಜೋಡಿಯ ಎಡಗೈ ವಾದ್ಯಕ್ಕೆ ಸಾಕಷ್ಟು ತೂಕವಿದೆ, ಆದರೆ ಅದರ ಮೀಂಡಿನ, ಅಂದರೆ ಸ್ವರ ಜಾರುವಿಕೆಯ, ಸೂಕ್ಷ್ಮ ದುಬಾರಿ ಮುಳ್ಳಿನಲ್ಲಿ ಬಂದಷ್ಟು ಬಿಡಿಯಾಗಿ ಬರುವುದಿಲ್ಲ. ತಾರಸ್ಥಾಯಿಯಲ್ಲಿ, ಅದರಲ್ಲೂ ಸಾರಂಗಿ ಮತ್ತು ಪಿಟೀಲಿನಲ್ಲಿ, ತುಸು ಮಬ್ಬು ಇದೆ.

ಶಾಸ್ತ್ರೀಯ ಸಂಗೀತದ ಕೇಳುಗರು ಅರಿತಿರಬೇಕಾದ ಮಿತಿಯೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಎಲ್‌ಪಿ ಒಂದೇ ವೇಗದಲ್ಲಿ ತಿರುಗುತ್ತದೆ, ಆದರೆ ಹೊರ ಅಂಚಿನ ಸುತ್ತಳತೆ ದೊಡ್ಡದು, ಒಳಗಿನದು ಚಿಕ್ಕದು. ಹೀಗಾಗಿ ಆರಂಭದಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಜಾಡು ಹಾದುಹೋದರೆ, ಲೇಬಲ್ಲಿನ ಹತ್ತಿರ ಬರುವ ವೇಳೆಗೆ ಅದು 21 ಸೆಂಟಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಧ್ವನಿಯನ್ನು ಅರ್ಧಕ್ಕೂ ಕಡಿಮೆ ಜಾಗದಲ್ಲಿ ಬರೆದಿರಬೇಕಾಗುತ್ತದೆ. ಆ ಇಕ್ಕಟ್ಟಾದ ತಿರುವುಗಳನ್ನು ಶಂಕುವಿನಾಕಾರದ ಮುಳ್ಳು ಪೂರ್ತಿ ಹಿಡಿಯಲಾರದೆ ದನಿ ಒರಟಾಗುತ್ತದೆ. ಚಿತ್ರಗೀತೆಗಳ ರೆಕಾರ್ಡಿನಲ್ಲಿ ಕೊನೆಗೆ ಒಂದು ನಿಧಾನದ ಹಾಡನ್ನಿಟ್ಟು ಈ ತೊಡಕನ್ನು ತಪ್ಪಿಸಬಹುದು. ಖಯಾಲಿಗೆ ಆ ಅವಕಾಶವಿಲ್ಲ. ಅದರ ಸ್ವಭಾವವೇ ನಿಧಾನದ ವಿಲಂಬಿತದಿಂದ ವೇಗದ ದ್ರುತಕ್ಕೆ ಏರುವುದು. ಅತಿ ವೇಗದ ತಾನುಗಳು, ತಬಲಾದ ಅತಿ ಬಿರುಸಿನ ನುಡಿಸಾಣಿಕೆ ಸರಿಯಾಗಿ ಒಳಸುತ್ತುಗಳಲ್ಲೇ ಬಂದು ಕೂರುತ್ತವೆ. ಗಂಗೂಬಾಯಿ ಹಾನಗಲ್ಲರ ಗಟ್ಟಿ ದನಿ ಬದಿಯ ಮೊದಲ ಹದಿನೈದು ನಿಮಿಷ ಎಷ್ಟು ನಿಚ್ಚಳವಾಗಿರುತ್ತದೆಯೋ, ಕೊನೆಯ ತಾನುಗಳ ಹೊತ್ತಿಗೆ ಅಷ್ಟು ಉಳಿದಿರುವುದಿಲ್ಲ. ಹೆಚ್ಚಿನ ಬೆಲೆಯ ಟರ್ನ್‌ಟೇಬಲ್ಲುಗಳಲ್ಲಿ ಅಂಡಾಕಾರದ ಮುಳ್ಳನ್ನು ಹಾಕಿಸಿ ಈ ಒರಟುತನವನ್ನು ತಗ್ಗಿಸಬಹುದು. ಎಲ್‌ಪಿ60ಎಕ್ಸ್‌ನಲ್ಲಿ ಮುಳ್ಳನ್ನು ಬದಲಿಸಬಹುದೇ ಹೊರತು ಕಾರ್ಟ್ರಿಜ್ಜನ್ನು ಬದಲಿಸುವಂತಿಲ್ಲ. ಈ ಬೆಲೆಗೆ ಇದನ್ನು ನಾನು ಒಪ್ಪಿಕೊಂಡು ಕೇಳುತ್ತೇನೆ, ಆದರೆ ಕೊಳ್ಳುವವರಿಗೆ ಮೊದಲೇ ತಿಳಿದಿರಲಿ.

ಸ್ಪೀಕರುಗಳಿಗೆ ಜೋಡಿಸುವಾಗ ಹಿಂಬದಿಯ ಒಂದು ಪುಟ್ಟ ಸ್ವಿಚ್ಚಿನ ಕಡೆ ಗಮನವಿರಬೇಕು. ರೆಕಾರ್ಡನ್ನು ಕೊರೆಯುವಾಗ ಮಂದ್ರದ ಸದ್ದನ್ನು ತಗ್ಗಿಸಿ ತಾರದ ಸದ್ದನ್ನು ಹೆಚ್ಚಿಸಿರುತ್ತಾರೆ. ಹಾಗೆ ಮಾಡದಿದ್ದರೆ ಮಂದ್ರದ ಅಗಲವಾದ ಓಲಾಟ ಪಕ್ಕದ ಜಾಡಿಗೆ ನುಗ್ಗುತ್ತದೆ. 1954ರಿಂದ ಇದಕ್ಕೊಂದು ನಿಗದಿಯಾದ ಮಾನಕವಿದೆ. ಕೇಳುವಾಗ ಆ ವ್ಯತ್ಯಾಸವನ್ನು ತಿರುವುಮುರುವು ಮಾಡಿ, ಮುಳ್ಳಿನಿಂದ ಬರುವ ಕೆಲವೇ ಮಿಲಿವೋಲ್ಟುಗಳ ಸಂಕೇತವನ್ನು ಹಿಗ್ಗಿಸಿ ಕೊಡುವುದು ಫೋನೊ ಪ್ರೀಆಂಪ್ ಎಂಬ ಭಾಗ. ಈ ಯಂತ್ರದಲ್ಲಿ ಅದು ಒಳಗೇ ಇದೆ. ಒಳಗೇ ಆಂಪ್ಲಿಫೈಯರ್ ಇರುವ ಮಾಮೂಲಿ ಪವರ್ಡ್ ಸ್ಪೀಕರುಗಳಿಗೆ ಜೋಡಿಸುವವರು ಸ್ವಿಚ್ಚನ್ನು ಲೈನ್ ಕಡೆಗೆ ಇಟ್ಟರೆ ಸಾಕು. ಮನೆಯಲ್ಲಿ ಹಳೆಯ ಆಂಪ್ಲಿಫೈಯರ್ ಇದ್ದು ಅದರ ಫೋನೊ ಕಿಂಡಿಗೆ ಜೋಡಿಸುವುದಾದರೆ ಸ್ವಿಚ್ಚು ಫೋನೊ ಕಡೆಗಿರಬೇಕು. ಇಲ್ಲದಿದ್ದರೆ ಸಂಕೇತ ಎರಡೆರಡು ಸಲ ಹಿಗ್ಗಿ ಗದ್ದಲವಾಗುತ್ತದೆ. ಬ್ಲೂಟೂತ್ ಇರುವ ಮಾದರಿಯೂ ಸಿಗುತ್ತದೆ. ತಂತಿಯ ಜೋಡಣೆಯೇ ಸಾಕೆಂಬುದು ನನ್ನ ಮತ. ಆ ಹೆಚ್ಚುವರಿ ಹಣವನ್ನು ಸ್ಪೀಕರಿನ ಮೇಲೆ ಹಾಕಿದರೆ ಕಿವಿಗೆ ನೇರವಾಗಿ ಲಾಭ. ಸ್ಪೀಕರುಗಳನ್ನು ಮಾತ್ರ ಟರ್ನ್‌ಟೇಬಲ್ ಇರುವ ಮೇಜಿನ ಮೇಲೆಯೇ ಇಡಬಾರದು. ಹಗುರವಾದ ಯಂತ್ರವಾದ್ದರಿಂದ ಅವುಗಳ ಕಂಪನ ಮುಳ್ಳಿಗೆ ತಲುಪಿ ಗುಂಯ್‌ಗುಡುವಿಕೆ ಶುರುವಾಗುತ್ತದೆ. ಮರದ ಗಟ್ಟಿ ಮೇಜು, ಅಥವಾ ಗೋಡೆಯೊಳಗಿನ ಕಲ್ಲಿನ ಶೆಲ್ಫ್ ಇದಕ್ಕೆ ಪ್ರಶಸ್ತ. ಹಳೆಯ ಮನೆಗಳ ಗೂಡುಗಳಲ್ಲಿ ಇದು ಚೆನ್ನಾಗಿ ಕೂರುತ್ತದೆ.

ತಟ್ಟೆಗಳನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಹಳೆಯದು ಹೊಸದು ಎರಡೂ ದಾರಿಗಳಿವೆ. ಮರುಮುದ್ರಣಗಳು ಈಗ ಬರುತ್ತಿವೆ, ಮುಂಬಯಿ ಬಳಿ ರೆಕಾರ್ಡುಗಳ ಅಚ್ಚು ಹಾಕುವ ಕೆಲಸ ದಶಕಗಳ ಬಳಿಕ ಮತ್ತೆ ಶುರುವಾಗಿದೆ, ಆದರೆ ಹೊಸ ತಟ್ಟೆಯ ಬೆಲೆ ಕೈ ಕಚ್ಚುತ್ತದೆ. ಹೊಸ ಸಂಗೀತವನ್ನು ಹುಡುಕುವವರಿಗೆ ಹಳೆಯ ತಟ್ಟೆಗಳ ರಾಶಿಯೇ ಮೇಲು, ಏಕೆಂದರೆ ಅಗ್ಗದ ತಟ್ಟೆಯೊಂದನ್ನು ಕವರ್ ನೋಡಿ ಧೈರ್ಯವಾಗಿ ಕೊಳ್ಳಬಹುದು. ಬೆಂಗಳೂರಿನ ಚಿಕ್ಕಪೇಟೆಯ ಸುತ್ತಿನ ಭಾನುವಾರದ ಸಂತೆ, ಮುಂಬಯಿಯ ಚೋರ್ ಬಜಾರ್, ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟ್, ಹಳೆ ದಿಲ್ಲಿಯ ಚಾಂದನಿ ಚೌಕ್ ಇವೆಲ್ಲ ಈ ಹುಡುಕಾಟಕ್ಕೆ ಹೆಸರಾದ ತಾಣಗಳು. ಕೊಳ್ಳುವ ಮುನ್ನ ತಟ್ಟೆಯನ್ನು ಹೊರತೆಗೆದು, ಅಂಚಿನಲ್ಲಿ ಹಿಡಿದು, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಬೇಕು. ಕೂದಲೆಳೆಯಂಥ ಗೀರುಗಳಿಂದ ಚರಪರ ಸದ್ದಷ್ಟೇ ಬರುತ್ತದೆ, ಅದಕ್ಕೆ ಕಿವಿ ಹೊಂದಿಕೊಳ್ಳುತ್ತದೆ. ಉಗುರಿಗೆ ತಾಕುವಷ್ಟು ಆಳವಾದ ಗೀರಿದ್ದರೆ ಮುಳ್ಳು ಹಾರುತ್ತದೆ ಅಥವಾ ಒಂದೇ ಮಾತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥದನ್ನು ಬಿಟ್ಟುಬಿಡುವುದು ಒಳಿತು. ಜಾಡು ಕಪ್ಪಗೆ ಹೊಳೆಯುವ ಬದಲು ಬೂದುಬಣ್ಣಕ್ಕೆ ತಿರುಗಿದ್ದರೆ, ಸವೆದ ಮುಳ್ಳಿನಲ್ಲಿ ಅದನ್ನು ಬಹಳ ಸಲ ನುಡಿಸಿದ್ದಾರೆಂದು ಅರ್ಥ. ಬಿಸಿಲಿನಲ್ಲಿಟ್ಟು ಬಾಗಿದ ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಅಲೆ ಕಾಣಿಸುತ್ತದೆ.

ಕರಾವಳಿ ಮತ್ತು ಮಲೆನಾಡಿನ ಮನೆಗಳಿಂದ ಬಂದ ತಟ್ಟೆಗಳಲ್ಲಿ ಮಳೆಗಾಲದ ಬೂಷ್ಟು ಸಾಮಾನ್ಯ. ಬಿಳಿಯ ಚುಕ್ಕಿಗಳಂತೆ ಕಾಣುವ ಅದು ಜಾಡಿನೊಳಗೆ ಬೇರು ಬಿಟ್ಟಿರುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಇನ್ನಷ್ಟು ಒಳಕ್ಕೆ ಹೋಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ, ಜಾಡಿನ ದಿಕ್ಕಿನಲ್ಲೇ ಸುತ್ತಾಗಿ ಒರೆಸಿ, ಬರಿಯ ಡಿಸ್ಟಿಲ್ಡ್ ನೀರಿನಿಂದ ಮತ್ತೊಮ್ಮೆ ತೊಳೆದು ನೆರಳಿನಲ್ಲಿ ಆರಿಸಬೇಕು. ಲೇಬಲ್ ನೆನೆಯಬಾರದು. ಹಳೆಯ ಕಾಗದದ ಒಳಕವರನ್ನು ಎಸೆದು ಹೊಸದನ್ನು ಹಾಕದಿದ್ದರೆ ಬೂಷ್ಟು ಮುಂದಿನ ಆಷಾಢಕ್ಕೆ ಹಿಂದಿರುಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಬೇಕು. ಮುಳ್ಳಿಗೂ ಇದೇ ಕಾಳಜಿ ಬೇಕು: ಒಂದು ಬದಿಯ ಜಾಡನ್ನು ಬಿಡಿಸಿ ನೇರವಾಗಿ ಚಾಚಿದರೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಉದ್ದವಾಗುತ್ತದೆ, ಅಷ್ಟೂ ದೂರದ ಧೂಳನ್ನು ಅದು ಗುಡಿಸಿಕೊಂಡೇ ಸಾಗುತ್ತದೆ. ತುದಿಗಂಟಿದ ಧೂಳಿನುಂಡೆಯನ್ನು ಮೆತ್ತನೆಯ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ತೆಗೆಯಬೇಕು. ಕೆಲವು ನೂರು ಗಂಟೆಗಳ ಬಳಕೆಯ ನಂತರ ಮುಳ್ಳು ಸವೆಯುತ್ತದೆ. ಬದಲಿ ಮುಳ್ಳು ಸುಲಭವಾಗಿ ದೊರೆಯುತ್ತದೆ, ಸ್ಕ್ರೂಡ್ರೈವರಿಲ್ಲದೆ ಕೈಯಿಂದಲೇ ಕಳಚಿ ಕೂರಿಸಬಹುದು. ನೋಡಲು ಚೆಂದವಾದ ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರುಗಳಲ್ಲಿ ಮುಳ್ಳಿನ ಭಾರ 5 ಗ್ರಾಂ ಮೀರುವುದುಂಟು. ಇದರಲ್ಲಿ 3 ಗ್ರಾಂ ಆಸುಪಾಸಿನಲ್ಲಿರುವುದರಿಂದ ಅಪರೂಪದ ತಟ್ಟೆಯನ್ನು ನಿಶ್ಚಿಂತೆಯಿಂದ ಹಾಕಬಹುದು.

ತಾತನ ಕಾಲದ ಪೆಟ್ಟಿಗೆಯಲ್ಲಿ ಸಿಕ್ಕ ತಟ್ಟೆಗಳಿಗಾಗಿ ಯಂತ್ರ ಹುಡುಕುತ್ತಿರುವವರು ಮಾತ್ರ ಇದನ್ನು ಕೊಳ್ಳಬಾರದು. ಅಂಥ ಪೆಟ್ಟಿಗೆಗಳಲ್ಲಿರುವುದು ಬಹುಪಾಲು ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತಿನ ಭಾರವಾದ ತಟ್ಟೆಗಳು. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಂದ ಗಂಗೂಬಾಯಿಯವರ ಎಳೆಯ ದನಿಯೂ ಇರುವುದು ಅಂಥ ತಟ್ಟೆಗಳಲ್ಲೇ. ಎಲ್‌ಪಿ60ಎಕ್ಸ್‌ನಲ್ಲಿ 78ರ ವೇಗವಿಲ್ಲ, ಅದರ ಮುಳ್ಳಿಗೆ ಆ ಅಗಲವಾದ ಜಾಡು ಹೊಂದುವುದೂ ಇಲ್ಲ. ಅದೇ ಕಂಪನಿಯ ಎಲ್‌ಪಿ120ಎಕ್ಸ್‌ಯುಎಸ್‌ಬಿಯಲ್ಲಿ ಮೂರೂ ವೇಗಗಳಿವೆ, ಕಾರ್ಟ್ರಿಜ್ಜನ್ನು ಬದಲಿಸಬಹುದು, ಮುಳ್ಳಿನ ಭಾರವನ್ನು ಹೊಂದಿಸಬಹುದು. ಬೆಲೆ ಬಹಳ ಹೆಚ್ಚು, ತೋಳನ್ನು ಎತ್ತಿಳಿಸುವ ಕೆಲಸವೂ ನಮ್ಮದೇ. ಅದನ್ನು ಕೊಂಡರೂ 78ಕ್ಕೆ ತಕ್ಕ ದಪ್ಪ ತುದಿಯ ಮುಳ್ಳನ್ನು ಬೇರೆಯಾಗಿ ತರಿಸಿಕೊಳ್ಳಬೇಕು. ಅರಗಿನ ತಟ್ಟೆಯನ್ನು ಶುಚಿಗೊಳಿಸುವಾಗ ಸ್ಪಿರಿಟ್ ಬೆರೆತ ಯಾವ ದ್ರವವನ್ನೂ ಮುಟ್ಟಿಸಬಾರದು, ಅದು ಅರಗನ್ನೇ ಕರಗಿಸಿಬಿಡುತ್ತದೆ.